ಫೈಲಿನಲ್ಲಿ ಇಲ್ಲದ ಒಂದು ಹಾಳೆ

ಪ್ರಶ್ನೆ: ಮೇಡಂ, ನಮ್ಮದು ಸಿರುಗುಪ್ಪ ತಾಲ್ಲೂಕಿನ ಹಳ್ಳಿ. ಮದುವೆಯಾಗಿ ನಾಲ್ಕು ವರ್ಷವಾಯಿತು, ಮಕ್ಕಳಾಗಿಲ್ಲ. ನನಗೆ 28, ನಮ್ಮವರಿಗೆ 34. ಅವರು ನನ್ನ ಸೋದರತ್ತೆಯ ಮಗನೇ. ತೋರಣಗಲ್ಲಿನ ಕಡೆ ಫರ್ನೇಸ್ ಕೆಲಸ. ಅಲ್ಲೇ ರೂಮು ಮಾಡಿಕೊಂಡಿದ್ದಾರೆ, ಹದಿನೈದು ದಿನಕ್ಕೊಮ್ಮೆ ಊರಿಗೆ ಬಂದು ಎರಡು ದಿನ ಇದ್ದು ಹೋಗುತ್ತಾರೆ. ನನಗೆ ಮುಟ್ಟು 40–50 ದಿನಕ್ಕೊಮ್ಮೆ. ಸ್ಕ್ಯಾನಿಂಗ್‌ನಲ್ಲಿ ನೀರಗುಳ್ಳೆ ಇದೆ ಅಂದರು. ತೂಕ 71 ಕೆ.ಜಿ., ಎತ್ತರ 5 ಅಡಿ 1 ಇಂಚು. ಎರಡು ಸಲ ಗರ್ಭಕೋಶ ಕ್ಲೀನ್ ಮಾಡಿಸಿದ್ದೇವೆ. ಈಗ ಒಂದು ಕ್ಯಾಂಪಿನಲ್ಲಿ ನೇರವಾಗಿ ಐವಿಎಫ್ (ಟೆಸ್ಟ್ ಟ್ಯೂಬ್ ಬೇಬಿ) ಮಾಡಿಸಿ, ಎರಡೂವರೆ ಲಕ್ಷ ಆಗುತ್ತೆ ಅಂದಿದ್ದಾರೆ. ನನ್ನ ಬಂಗಾರ ಅಡ ಇಡುವ ಮಾತು ನಡೆದಿದೆ. ನಮ್ಮವರಿಗೂ ಪರೀಕ್ಷೆ ಮಾಡಿಸೋಣ ಅಂದರೆ ಅತ್ತೆ, ‘ನಮ್ಮ ಮನೆತನದ ಗಂಡಸರಿಗೆ ಅಂಥದ್ದೇನಿಲ್ಲ’ ಅಂತಾರೆ. ಸಂಬಂಧದಲ್ಲೇ ಮದುವೆ ಆಗಿದ್ದಕ್ಕೆ ಹೀಗಾ? ಮುಂದಿನ ತಿಂಗಳು ನೆಗೆಣ್ಣಿಯ ಕುಬಸ (ಸೀಮಂತ) ಇದೆ. ಹೋಗಲೇಬೇಕಾ ಅನ್ನುವುದೂ ನನ್ನ ಪ್ರಶ್ನೆಯೇ.

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಬಂಗಾರ ಸದ್ಯಕ್ಕೆ ಕೊರಳಲ್ಲೇ ಇರಲಿ.

ಬಳ್ಳಾರಿಯ ನನ್ನ ಒಪಿಡಿಯಲ್ಲಿ ಒಂದು ದೃಶ್ಯ ಪದೇ ಪದೇ ನೋಡುತ್ತೇನೆ. ಹೆಂಡತಿ ನನ್ನ ಎದುರಿನ ಕುರ್ಚಿಯಲ್ಲಿ ಕೂತಿರುತ್ತಾಳೆ. ಮಡಿಲಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್. ಒಳಗೆ ನಾಲ್ಕೈದು ಊರಿನ ಸ್ಕ್ಯಾನಿಂಗ್ ಚೀಟಿಗಳು, ಮಡಚಿದ ಕಡೆಯೆಲ್ಲ ಹರಿದ ರಕ್ತ ಪರೀಕ್ಷೆಗಳು, ಎಣ್ಣೆ ಕಲೆ ಬಿದ್ದ ಎಕ್ಸ್‌ರೇ. ಗಂಡ ಬಾಗಿಲ ಹತ್ತಿರ ನಿಂತಿರುತ್ತಾನೆ, ಇಲ್ಲಾಂದ್ರೆ ಹೊರಗೆ ಗಾಡಿ ಹತ್ತಿರ. ನಾನು ಕವರನ್ನು ಮೇಜಿನ ಮೇಲೆ ಸುರಿದು ಒಂದೇ ಒಂದು ಹಾಳೆ ಹುಡುಕುತ್ತೇನೆ. ಗಂಡನ ವೀರ್ಯ ಪರೀಕ್ಷೆಯ ರಿಪೋರ್ಟು. ಎಷ್ಟೋ ಸಲ ಅದು ಇರುವುದೇ ಇಲ್ಲ. ನಿಮ್ಮ ಫೈಲಿನಲ್ಲೂ ಇಲ್ಲ. ಅದಿಲ್ಲದೆ ಯಾರಾದರೂ ನಿಮಗೆ ಐವಿಎಫ್ ಹೇಳಿದ್ದರೆ, ಅವರು ನಿಮ್ಮ ತೊಂದರೆ ಏನು ಅಂತ ತಿಳಿದುಕೊಳ್ಳುವ ಮೊದಲೇ ಬಿಲ್ಲು ಬರೆದಿದ್ದಾರೆ ಅಂತಲೇ ಅರ್ಥ.

ಆ ಹಾಳೆಯ ವಿಷಯಕ್ಕೆ ಬರುವ ಮುಂಚೆ ನಿಮ್ಮ ‘ನಾಲ್ಕು ವರ್ಷ’ವನ್ನು ಒಮ್ಮೆ ಎಣಿಸೋಣ. ಪತ್ರದಲ್ಲಿ ನನಗೆ ತುಂಬ ಮುಖ್ಯ ಅನಿಸಿದ್ದು ನೀರಗುಳ್ಳೆಗಿಂತ, ಗಂಡ ಹದಿನೈದು ದಿನಕ್ಕೊಮ್ಮೆ ಬರುತ್ತಾರೆ ಅನ್ನುವ ಮಾತು. ನೀವು ಅದನ್ನು ಸುಮ್ನೆ ಹೋಗ್ತಾ ಹೋಗ್ತಾ ಬರೆದಿದ್ದೀರಿ.

ಹೆಣ್ಣಿನ ಮೊಟ್ಟೆ ಹೊರಬಂದ ಮೇಲೆ ಬದುಕಿರುವುದು 12ರಿಂದ 24 ಗಂಟೆ. ವೀರ್ಯಾಣು ಹೆಣ್ಣಿನ ದೇಹದೊಳಗೆ ಐದು ದಿನದವರೆಗೂ ಬದುಕಬಲ್ಲದು. ಹಾಗಾಗಿ ಒಂದು ಮುಟ್ಟಿನಿಂದ ಇನ್ನೊಂದು ಮುಟ್ಟಿನ ನಡುವೆ ಗರ್ಭ ನಿಲ್ಲಬಹುದಾದ ದಿನಗಳು ಸುಮಾರು ಆರು. ತಿಂಗಳಿಗೊಮ್ಮೆ ಸರಿಯಾಗಿ ಮುಟ್ಟಾಗುವವರಿಗೆ ಇಂಥ ಅವಕಾಶ ವರ್ಷಕ್ಕೆ 12–13 ಸಲ ಬರುತ್ತದೆ. ನಿಮಗೆ 45 ದಿನಕ್ಕೊಮ್ಮೆ ಅಂದುಕೊಂಡರೆ ಹೆಚ್ಚೆಂದರೆ ಎಂಟು ಸಲ. ಅದರಲ್ಲಿ ಸುಮಾರು ಅರ್ಧದಷ್ಟು ಸಲ ನಿಮ್ಮವರು ತೋರಣಗಲ್ಲಿನ ರೂಮಿನಲ್ಲಿ ಇರುತ್ತಾರೆ. ಉಳಿದದ್ದು ವರ್ಷಕ್ಕೆ ನಾಲ್ಕು. ನಾಲ್ಕು ವರ್ಷಕ್ಕೆ ಹದಿನಾರು. ಅಂದರೆ ಜೊತೆಯಲ್ಲೇ ಇರುವ ಗಂಡ ಹೆಂಡತಿಗೆ ಒಂದೂಕಾಲು ವರ್ಷದಲ್ಲಿ ಸಿಗುವಷ್ಟು ಅವಕಾಶ ನಿಮಗೆ ನಾಲ್ಕು ವರ್ಷದಲ್ಲಿ ಸಿಕ್ಕಿದೆ. ಅದೂ ಪ್ರತಿ ಸಲ ಮೊಟ್ಟೆ ಬಿಡುಗಡೆ ಆಗಿದೆ ಅಂತ ಇಟ್ಟುಕೊಂಡರೆ. ನಿಮ್ಮ ಮುಟ್ಟು ನೋಡಿದರೆ ಆಗಿರುವುದು ಅನುಮಾನ.

ವೈದ್ಯರ ಲೆಕ್ಕದಲ್ಲಿ ಬಂಜೆತನ ಅಂದರೆ ಏನು ಗೊತ್ತಾ? ಯಾವ ತಡೆಯೂ ಇಲ್ಲದೆ, ವಾರಕ್ಕೆ ಎರಡು ಮೂರು ಸಲವಾದರೂ ಕೂಡಿ, ಒಂದು ವರ್ಷವಾದರೂ ಗರ್ಭ ನಿಲ್ಲದಿರುವುದು. ಹೆಣ್ಣಿಗೆ 35 ದಾಟಿದ್ದರೆ ಆರು ತಿಂಗಳಿಗೇ ಪರೀಕ್ಷೆ ಶುರು ಮಾಡುತ್ತೇವೆ. ಯಾವ ತೊಂದರೆಯೂ ಇಲ್ಲದ ನೂರು ಜೋಡಿಯಲ್ಲಿ 80–85 ಜೋಡಿಗೆ ವರ್ಷದೊಳಗೆ ನಿಲ್ಲುತ್ತದೆ, ಉಳಿದವರಲ್ಲಿ ಅರ್ಧದಷ್ಟು ಮಂದಿಗೆ ಮರುವರ್ಷ. ‘ಬಂಜೆ’ ಅನ್ನುವ ಪದವೇ ನನಗೆ ಆಗದು. ಹೆಂಗಸಿಗೆ ಮಾತ್ರ ಅಂಟಿಸಲು ಮಾಡಿದ ಪದ ಅದು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ ಪ್ರಕಾರ ಜಗತ್ತಿನ ಆರು ಜನರಲ್ಲಿ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಈ ತೊಂದರೆ ಕಂಡವರು. ಅದರಲ್ಲಿ ಗಂಡಸರೂ ಇದ್ದಾರೆ.

ಈಗ ಗಂಡಸರ ವಿಷಯ. ಮಕ್ಕಳಾಗದ ಜೋಡಿಗಳಲ್ಲಿ ಸರಿಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ಕೆಲವು ಕಡೆ ಪೂರ್ತಿ ಅವನದೇ, ಕೆಲವು ಕಡೆ ಇಬ್ಬರದೂ ಸೇರಿ. ಇದು ಗಂಡಸುತನಕ್ಕೆ ಸಂಬಂಧಿಸಿದ್ದಲ್ಲ. ಕೂಡುವುದರಲ್ಲಿ ಯಾವ ಕೊರತೆಯೂ ಇಲ್ಲದ, ಆಳೆತ್ತರದ ಗಟ್ಟಿ ಆಳಿನ ರಿಪೋರ್ಟಿನಲ್ಲಿ ವೀರ್ಯಾಣು ಸೊನ್ನೆ ಬಂದದ್ದನ್ನು ನಾನು ನೋಡಿದ್ದೇನೆ. ವೀರ್ಯ ಬೇರೆ, ಅದರೊಳಗಿನ ವೀರ್ಯಾಣು ಬೇರೆ. ಕಣ್ಣಿಗೆ ಗೊತ್ತಾಗುವುದಿಲ್ಲ.

ಈ ಪರೀಕ್ಷೆಗೆ ಸೂಜಿ ಇಲ್ಲ, ನೋವಿಲ್ಲ, ಖರ್ಚು ಕೆಲವು ನೂರು ರೂಪಾಯಿ. ಮಾಡಿಸುವ ರೀತಿ ಮಾತ್ರ ಸರಿ ಇರಬೇಕು. ಎಷ್ಟೋ ರಿಪೋರ್ಟು ಕೆಡುವುದು ಇಲ್ಲೇ. ಕೂಡಿದ್ದು ಅಥವಾ ಕೈಯಿಂದ ಹೊರಹಾಕಿದ್ದು ಯಾವುದೂ ಪರೀಕ್ಷೆಯ ಹಿಂದಿನ ಎರಡು ದಿನ ಇರಬಾರದು, ಆದರೆ ಏಳು ದಿನಕ್ಕಿಂತ ಜಾಸ್ತಿ ಬಿಡುವೂ ಇರಬಾರದು. ‘ಒಂದು ತಿಂಗಳು ಉಳಿಸಿ ತಂದಿದ್ದೀನಿ ಮೇಡಂ’ ಅಂತ ಹೆಮ್ಮೆಯಿಂದ ಹೇಳಿದವರಿದ್ದಾರೆ. ಅದರಿಂದ ಸತ್ತ ವೀರ್ಯಾಣುಗಳೇ ಜಾಸ್ತಿಯಾಗುತ್ತವೆ ಅಷ್ಟೇ. ಲ್ಯಾಬಿನಲ್ಲೇ ಕೊಟ್ಟರೆ ಒಳ್ಳೆಯದು. ಮನೆಯಿಂದ ತರುವುದಾದರೆ ಲ್ಯಾಬು ಕೊಟ್ಟ ಡಬ್ಬಿಯಲ್ಲೇ, ಒಂದು ಗಂಟೆಯೊಳಗೆ, ಅಂಗಿಯ ಒಳಗೆ ಮೈಗೆ ಹತ್ತಿರ ಇಟ್ಟುಕೊಂಡು ತರಬೇಕು. ಫ್ರಿಜ್ಜಿನಲ್ಲಿ ಇಡಬಾರದು, ಬೈಕಿನ ಡಿಕ್ಕಿಯಲ್ಲೂ ಇಡಬಾರದು. ಏಪ್ರಿಲ್‌ನಲ್ಲಿ ನಮ್ಮ ಬಿಸಿಲಿಗೆ ಡಿಕ್ಕಿಯೊಳಗೆ ಏನು ಬದುಕೀತು? ಕಾಂಡೋಮಿನಲ್ಲಿ ಹಿಡಿದು ತರುವುದೂ ಬೇಡ, ಅದಕ್ಕೆ ಹಚ್ಚಿದ ಪದಾರ್ಥ ವೀರ್ಯಾಣುವಿಗೆ ಆಗುವುದಿಲ್ಲ. ಮೊದಲ ಹನಿಗಳಲ್ಲೇ ವೀರ್ಯಾಣು ಜಾಸ್ತಿ ಇರುವುದರಿಂದ ಚೂರು ಹೊರಗೆ ಚೆಲ್ಲಿದ್ದರೂ ನಾಚಿಕೊಳ್ಳದೆ ಲ್ಯಾಬಿನವರಿಗೆ ಹೇಳಬೇಕು. ನಿಮ್ಮವರು ತೋರಣಗಲ್ಲಿನಿಂದ ಬಸ್ಸಿನಲ್ಲಿ ಡಬ್ಬಿ ಹಿಡಿದುಕೊಂಡು ಬರುವುದು ಬೇಡ. ರಜೆ ದಿನ ಬಳ್ಳಾರಿಗೇ ಬಂದು ಕೊಡಲಿ.

ರಿಪೋರ್ಟು ಬಂದಾಗ ನೋಡಬೇಕಾದ ಅಂಕಿ ನಾಲ್ಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಪ್ರಕಾರ ಪ್ರಮಾಣ ಕನಿಷ್ಠ 1.4 ಮಿ.ಲೀ., ಪ್ರತಿ ಮಿ.ಲೀ.ಗೆ 1.6 ಕೋಟಿ ವೀರ್ಯಾಣು, ಅದರಲ್ಲಿ ಶೇ 42 ಚಲಿಸುತ್ತಿರಬೇಕು, ಶೇ 4 ಸರಿಯಾದ ಆಕಾರದಲ್ಲಿರಬೇಕು. ಈ ಶೇ 4 ನೋಡಿ ಗಾಬರಿಯಾಗುವವರೇ ಜಾಸ್ತಿ, ‘ಹಾಗಾದ್ರೆ ಉಳಿದ 96 ಕೆಟ್ಟವಾ?’ ಅಂತ. ಮನುಷ್ಯರಲ್ಲಿ ಅದು ಹಾಗೇ ಇರುವುದು. ನಾಲ್ಕೇ ಸಾಕು. ಒಂದು ರಿಪೋರ್ಟು ಕಡಿಮೆ ಬಂದರೆ ತೀರ್ಮಾನ ಮಾಡಬಾರದು, ಮತ್ತೊಮ್ಮೆ ಮಾಡಿಸಬೇಕು. ಹಿಂದಿನ ಎರಡು ತಿಂಗಳಲ್ಲಿ ಒಂದು ಜೋರು ಜ್ವರ ಬಂದಿದ್ದರೂ ಅಂಕಿ ಇಳಿದಿರುತ್ತದೆ.

ಫರ್ನೇಸ್ ಕೆಲಸದ ಬಗ್ಗೆ ಒಂದು ಮಾತು. ಗಂಡಸಿನ ಬೀಜಗಳು ಹೊಟ್ಟೆಯೊಳಗೆ ಇರದೆ ಹೊರಗೆ ಇಳಿಬಿದ್ದಿರುವುದು ಯಾಕೆ ಅಂದರೆ, ಅವಕ್ಕೆ ಮೈಯ ಬಿಸಿಗಿಂತ ಎರಡು ಮೂರು ಡಿಗ್ರಿ ತಂಪು ಬೇಕು. ಬಿಸಿ ಹೆಚ್ಚಾದರೆ ವೀರ್ಯಾಣು ತಯಾರಾಗುವುದು ಕಡಿಮೆಯಾಗುತ್ತದೆ. ಫರ್ನೇಸ್ ಮುಂದೆ ಎಂಟು ಗಂಟೆ ನಿಲ್ಲುವವರು, ಸಂಡೂರಿನ ಅದಿರು ಲಾರಿ ಓಡಿಸುವವರು, ಶಕ್ತಿನಗರದ ಬಾಯ್ಲರ್ ಬಳಿ ದುಡಿಯುವವರು, ಬೇಕರಿ ಒಲೆ ಮುಂದಿನವರು, ಇವರಿಗೆಲ್ಲ ನಾನು ಕೆಲಸದ ಬಗ್ಗೆ ಕೇಳಿಯೇ ಕೇಳುತ್ತೇನೆ. ಹೊಲದಲ್ಲಿ ಎಣ್ಣೆ (ಕೀಟನಾಶಕ) ಹೊಡೆಯುವವರಿಗೂ ಅಷ್ಟೇ. ಮೆಣಸಿನಕಾಯಿಗೆ, ಹತ್ತಿಗೆ ಬನಿಯನ್ ಮೇಲೆ ನಿಂತು ಔಷಧಿ ಸಿಂಪಡಿಸುತ್ತಾರಲ್ಲ, ಅದು ಚರ್ಮದಿಂದಲೂ ಒಳಗೆ ಇಳಿಯುತ್ತದೆ. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ಕಾರ್ಖಾನೆಯಲ್ಲಿ ಡಿಬಿಸಿಪಿ ಅನ್ನುವ ಜಂತುನಾಶಕ ತಯಾರಿಸುತ್ತಿದ್ದ ಕೆಲಸಗಾರರಿಗೆ ಮಕ್ಕಳಾಗುತ್ತಿಲ್ಲ ಅಂತ ಗೊತ್ತಾದದ್ದು, ಅವರು ತಮ್ಮತಮ್ಮಲ್ಲೇ ಮಾತಾಡಿಕೊಂಡಾಗ. ಗಂಡಸರು ಬಾಯಿ ಬಿಟ್ಟರೆ ಎಷ್ಟು ಉಪಕಾರ ನೋಡಿ.

ಗುಟ್ಕಾ, ಬೀಡಿ ಬಿಡಲೇಬೇಕು. ಜಿಮ್‌ನಲ್ಲಿ ಮೈ ಬೆಳೆಸಲು ಚುಚ್ಚುವ ಟೆಸ್ಟೋಸ್ಟಿರೋನ್ ಇಂಜೆಕ್ಷನ್ ವೀರ್ಯಾಣು ತಯಾರಿಯನ್ನೇ ನಿಲ್ಲಿಸಿಬಿಡುತ್ತದೆ, ಇದು ತುಂಬ ಜನಕ್ಕೆ ಗೊತ್ತಿಲ್ಲ. ಬೀಜದ ಮೇಲಿನ ರಕ್ತನಾಳ ಊದಿಕೊಂಡಿದ್ದರೆ, ಅದಕ್ಕೆ ವ್ಯಾರಿಕೋಸಿಲ್ ಅನ್ನುತ್ತಾರೆ, ಕೆಲವರಿಗೆ ಆಪರೇಷನ್ನಿನಿಂದ ಲಾಭವಿದೆ. ವೀರ್ಯಾಣು ತಯಾರಾಗಿ ಹೊರಬರಲು ಸುಮಾರು ಮೂರು ತಿಂಗಳು ಬೇಕು. ಹಾಗಾಗಿ ಇವತ್ತು ಗುಟ್ಕಾ ಬಿಟ್ಟರೆ ರಿಪೋರ್ಟಿನಲ್ಲಿ ಕಾಣುವುದು ಮೂರು ತಿಂಗಳ ನಂತರ. ಸೊನ್ನೆ ಬಂದರೂ ಕತೆ ಮುಗಿಯಲಿಲ್ಲ. ದಾರಿ ಕಟ್ಟಿಕೊಂಡಿದ್ದರೆ ಬೀಜದಿಂದಲೇ ಸೂಜಿಯಲ್ಲಿ ವೀರ್ಯಾಣು ತೆಗೆಯಬಹುದು, ಅದನ್ನು ಮೊಟ್ಟೆಯೊಳಗೆ ಸೇರಿಸುವ ಇಕ್ಸಿ ಅನ್ನುವ ವಿಧಾನ 1992ರಿಂದ ಇದೆ.

ಅತ್ತೆಗೆ ಏನು ಹೇಳುವುದು? ವಾದ ಮಾಡಬೇಡಿ. ‘ಡಾಕ್ಟರು ಇಬ್ಬರದೂ ರಿಪೋರ್ಟ್ ಇಲ್ಲದೆ ಮಾತ್ರೆ ಬರೆಯಲ್ಲ ಅಂತಾರೆ’ ಅನ್ನಿ. ತಪ್ಪು ನನ್ನ ಮೇಲೆ ಹಾಕಿ. ಅಣ್ಣನ ಮಗಳನ್ನೇ ಸೊಸೆ ಮಾಡಿಕೊಂಡವರು, ನಿಮ್ಮ ಮೇಲೆ ಪ್ರೀತಿ ಇಲ್ಲದೆ ಇರುತ್ತಾ? ಹೆದರಿಕೆ ಇದೆ ಅಷ್ಟೇ.

ಅದೇ ಉಸಿರಿಗೆ ಸಂಬಂಧದ ಮದುವೆಯ ಪ್ರಶ್ನೆಗೂ ಉತ್ತರ ಹೇಳುತ್ತೇನೆ. ಸೋದರಿಕೆಯಲ್ಲಿ ಮದುವೆಯಾದದ್ದಕ್ಕೆ ಗರ್ಭ ನಿಲ್ಲುತ್ತಿಲ್ಲ ಅನ್ನುವುದು ಸರಿಯಲ್ಲ. ನಮ್ಮ ಕಡೆ ಅಕ್ಕನ ಮಗಳು, ಅತ್ತೆ ಮಗ ಅಂತ ಮದುವೆಯಾಗಿ ನಾಲ್ಕೈದು ಮಕ್ಕಳು ಹೆತ್ತವರು ಪ್ರತಿ ಓಣಿಯಲ್ಲೂ ಇದ್ದಾರೆ. ಅದರ ತೊಂದರೆ ಬೇರೆ ಕಡೆ ಇದೆ. ಹುಟ್ಟುವ ಮಗುವಿಗೆ ಕೆಲವು ವಂಶವಾಹಿ ಕಾಯಿಲೆ, ಅಂಗದೋಷ ಬರುವ ಸಾಧ್ಯತೆ ಹೆಚ್ಚು. ಸಾಮಾನ್ಯ ಜೋಡಿಗೆ ನೂರಕ್ಕೆ ಎರಡು ಮೂರು ಇದ್ದರೆ ಅತ್ತೆ ಮಗ, ಮಾವನ ಮಗಳ ಜೋಡಿಗೆ ಅದರ ಎರಡು ಪಟ್ಟು. ಅಂದರೂ ನೂರಕ್ಕೆ 94–95 ಮಕ್ಕಳು ಆರೋಗ್ಯವಾಗೇ ಹುಟ್ಟುತ್ತವೆ. ಮನೆಯಲ್ಲಿ ಕಿವಿ ಕೇಳದ, ಬುದ್ಧಿ ಬೆಳೆಯದ ಅಥವಾ ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳಿದ್ದರೆ ಗರ್ಭ ನಿಲ್ಲುವ ಮೊದಲೇ ಹೇಳಿ, ಅದಕ್ಕೆ ಪರೀಕ್ಷೆಗಳಿವೆ.

ಇನ್ನು ನಿಮ್ಮ ನೀರಗುಳ್ಳೆ. ಹೆಸರು ಕೇಳಿದರೆ ಏನೋ ಒಡೆಯಬೇಕಾದ ಗುಳ್ಳೆ ಅನಿಸುತ್ತದೆ. ಅಲ್ಲ. ನೀವು ಭತ್ತದ ಸೀಮೆಯವರು, ಸಸಿಮಡಿ ನೋಡಿದ್ದೀರಿ. ಅಂಡಾಶಯದಲ್ಲಿ ಪ್ರತಿ ತಿಂಗಳು ಒಂದಷ್ಟು ಮೊಟ್ಟೆಚೀಲಗಳು ಒಟ್ಟಿಗೆ ಬೆಳೆಯಲು ಶುರು ಮಾಡುತ್ತವೆ, ಒಂದು ಮಾತ್ರ ಮುಂದೆ ಹೋಗಿ ಹಣ್ಣಾಗಿ ಒಡೆದು ಮೊಟ್ಟೆ ಬಿಡುತ್ತದೆ. ನಿಮ್ಮಲ್ಲಿ ಹಾರ್ಮೋನು ಏರುಪೇರಾಗಿ ಯಾವುದೂ ಮುಂದೆ ಹೋಗದೆ ಎಲ್ಲವೂ ಮಡಿಯಲ್ಲೇ ನಿಂತಿವೆ. ಸ್ಕ್ಯಾನಿಂಗ್‌ನಲ್ಲಿ ಸಣ್ಣ ಸಣ್ಣ ಕರಿ ಚುಕ್ಕೆಯಾಗಿ ಕಾಣುವುದು ಅವೇ. ಇದಕ್ಕೆ ಪಿಸಿಓಎಸ್ ಅನ್ನುತ್ತೇವೆ. ಹೀಗೆ ನೋಡಿದರೆ ಇದು ಒಳ್ಳೆಯ ಸುದ್ದಿಯೇ. ಮೊಟ್ಟೆ ಖಾಲಿಯಾಗಿಲ್ಲ, ಬೇಕಾದಷ್ಟು ಇವೆ. ಒಂದನ್ನು ಎಬ್ಬಿಸಬೇಕು ಅಷ್ಟೇ.

ಅದಕ್ಕೆ ಗರ್ಭಕೋಶ ‘ಕ್ಲೀನ್’ ಮಾಡುವುದರಿಂದ ಏನೂ ಆಗುವುದಿಲ್ಲ. ಈ ಮಾತನ್ನು ಸ್ವಲ್ಪ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ನಮ್ಮ ಕಡೆ ಮಕ್ಕಳಾಗಲಿಲ್ಲ ಅಂದರೆ ಮೊದಲು ಕ್ಲೀನ್ ಮಾಡಿಸುವುದು ಒಂದು ರೂಢಿಯಾಗಿಬಿಟ್ಟಿದೆ. ಗರ್ಭಕೋಶ ಅಡುಗೆ ಪಾತ್ರೆಯಲ್ಲ. ಪ್ರತಿ ಮುಟ್ಟಿನಲ್ಲಿ ಅದು ತಾನೇ ತೊಳೆದುಕೊಳ್ಳುತ್ತದೆ. ಕೆರೆದು ಕೆರೆದು ಒಳಪದರಕ್ಕೆ ಪೆಟ್ಟಾದರೆ ಗೋಡೆಗೆ ಗೋಡೆ ಅಂಟಿಕೊಂಡು ಗರ್ಭ ನಿಲ್ಲುವ ಜಾಗವೇ ಹಾಳಾಗಬಹುದು. ನಿಮಗೆ ಎರಡು ಸಲ ಆದ ಮೇಲೆ ಮುಟ್ಟಿನ ರಕ್ತ ಮೊದಲಿಗಿಂತ ತೀರಾ ಕಡಿಮೆಯಾಗಿದೆಯಾ ಅಂತ ನೆನಪು ಮಾಡಿಕೊಳ್ಳಿ. ಆಗಿದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ. ಮೂರನೇ ಸಲ ಮಾಡಿಸಬೇಡಿ.

ಮೊಟ್ಟೆ ಎಬ್ಬಿಸುವ ಮೊದಲ ಮಾತ್ರೆ ಲೆಟ್ರೊಜೋಲ್. ಮುಟ್ಟಾದ ಎರಡನೇ ಅಥವಾ ಮೂರನೇ ದಿನದಿಂದ ಐದು ದಿನ. ಮೊದಲೆಲ್ಲ ಕ್ಲೋಮಿಫೀನ್ ಕೊಡುತ್ತಿದ್ದೆವು. 2014ರಲ್ಲಿ ಅಮೆರಿಕದಲ್ಲಿ ಪಿಸಿಓಎಸ್ ಇದ್ದ 750 ಹೆಂಗಸರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಐದು ಸುತ್ತಿನವರೆಗೆ ಮಾತ್ರೆ ಕೊಟ್ಟಾಗ ಲೆಟ್ರೊಜೋಲ್ ತೆಗೆದುಕೊಂಡವರಲ್ಲಿ ಶೇ 27.5 ಮಂದಿಗೆ ಮಗುವಾಯಿತು, ಕ್ಲೋಮಿಫೀನ್‌ನವರಲ್ಲಿ ಶೇ 19.1. ಆಮೇಲೆ ಎಲ್ಲರೂ ಇದಕ್ಕೇ ಬಂದರು. ಒಂದು ಎಚ್ಚರಿಕೆ. ಈ ಮಾತ್ರೆಯ ಹೆಸರನ್ನು ಮೊಬೈಲಿನಲ್ಲಿ ಹುಡುಕಿದರೆ ‘ಸ್ತನ ಕ್ಯಾನ್ಸರ್ ಔಷಧಿ’ ಅಂತ ಬರುತ್ತದೆ. ರಾತ್ರಿ ಹನ್ನೊಂದಕ್ಕೆ ಅಳುತ್ತಾ ಫೋನ್ ಮಾಡಿದವರಿದ್ದಾರೆ. ಅದಕ್ಕೂ ಬಳಸುತ್ತಾರೆ, ನಿಜ. ಇಲ್ಲಿ ಕೊಡುವುದು ಐದೇ ದಿನ, ಉದ್ದೇಶವೇ ಬೇರೆ.

ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗುವ ಮಾತ್ರೆಯಲ್ಲ ಇದು. ಮೊಟ್ಟೆ ಬೆಳೆಯಿತಾ ಅಂತ ಸ್ಕ್ಯಾನಿಂಗ್‌ನಲ್ಲಿ ನೋಡಬೇಕು. ಇದಕ್ಕೆ ಫಾಲಿಕಲ್ ಸ್ಟಡಿ ಅನ್ನುತ್ತಾರೆ. ಹತ್ತನೇ ದಿನದ ಸುಮಾರಿಗೆ ಶುರು, ಒಂದು ದಿನ ಬಿಟ್ಟು ಒಂದು ದಿನ. ಪರದೆ ಮೇಲೆ ಒಂದು ಕರಿ ಚುಕ್ಕೆ 12 ಮಿಲಿಮೀಟರ್, ಮತ್ತೆ 15, ಮತ್ತೆ 18 ಅಂತ ದೊಡ್ಡದಾಗುತ್ತಾ ಹೋಗುತ್ತದೆ. 18–20 ಬಂದಾಗ ಒಡೆಯಲು ಒಂದು ಇಂಜೆಕ್ಷನ್ ಕೊಟ್ಟು, ಇಂಥ ಎರಡು ಮೂರು ದಿನ ಗಂಡ ಹೆಂಡತಿ ಜೊತೆಯಲ್ಲಿರಿ ಅಂತ ಹೇಳಿ ಕಳಿಸುತ್ತೇವೆ. ನಿಮ್ಮವರು ರಜೆ ಹಾಕಬೇಕಾದದ್ದು ಈ ದಿನಗಳಿಗೆ. ಹದಿನೈದು ದಿನದ ಲೆಕ್ಕದ ರಜೆ ಅಲ್ಲ, ಚುಕ್ಕೆಯ ಲೆಕ್ಕದ ರಜೆ. ಶಿಫ್ಟ್ ಬದಲಿಸಿಕೊಳ್ಳಲು ಆಗುತ್ತಾ, ಅಥವಾ ನೀವೇ ನಾಲ್ಕಾರು ತಿಂಗಳು ಹೋಗಿ ಆ ರೂಮಿನಲ್ಲಿ ಇರಲು ಆಗುತ್ತಾ, ಮನೆಯಲ್ಲಿ ಮಾತಾಡಿ. ಎರಡೂವರೆ ಲಕ್ಷಕ್ಕಿಂತ ಅದು ಅಗ್ಗ ಅಲ್ವಾ?

ಯೂಟ್ಯೂಬಿನಲ್ಲಿ ‘ಹದಿನಾಲ್ಕನೇ ದಿನ ಸೇರಿ’ ಅಂತಾರಲ್ಲ, ಅದು 28 ದಿನಕ್ಕೆ ಮುಟ್ಟಾಗುವವರಿಗೆ. ಮೊಟ್ಟೆ ಬಿಡುವುದು ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮುಂಚೆ. ನಿಮ್ಮ 45 ದಿನದ ಲೆಕ್ಕದಲ್ಲಿ ಅದು 31ನೇ ದಿನದ ಹತ್ತಿರ ಬೀಳುತ್ತದೆ. ಕೂಡಿದ ಮೇಲೆ ಕಾಲು ಮೇಲೆತ್ತಿ ಮಲಗುವುದು, ದಿಂಬು ಇಡುವುದು ಇದ್ಯಾವುದೂ ಬೇಕಿಲ್ಲ.

ತೂಕದ ಬಗ್ಗೆ ನಾನು ಭಾಷಣ ಮಾಡುವುದಿಲ್ಲ. 71ರಿಂದ 67ಕ್ಕೆ ಬನ್ನಿ ಸಾಕು. ಇರುವ ತೂಕದಲ್ಲಿ ನೂರಕ್ಕೆ ಐದು ಹತ್ತು ಇಳಿದರೆ ಎಷ್ಟೋ ಹೆಂಗಸರಿಗೆ ಮಾತ್ರೆ ಇಲ್ಲದೆಯೇ ಮುಟ್ಟು ಹತೋಟಿಗೆ ಬರುತ್ತದೆ. ಮೂರು ಹೊತ್ತಿನ ಅನ್ನದಲ್ಲಿ ಎರಡು ಹೊತ್ತು ಬಿಟ್ಟು ಜೋಳದ ರೊಟ್ಟಿ, ಪುಂಡಿಪಲ್ಯೆ, ಕಾಳು ತಿನ್ನಿ. ಮಂಡಕ್ಕಿ ಒಗ್ಗರಣೆ–ಮಿರ್ಚಿ ವಾರಕ್ಕೊಮ್ಮೆ ಇರಲಿ, ಪೂರ್ತಿ ಬಿಡಿ ಅಂದರೆ ನೀವು ನನ್ನ ಮಾತೇ ಕೇಳಲ್ಲ. ದಿನಾ ಮುಕ್ಕಾಲು ಗಂಟೆ ಚುರುಕಾಗಿ ನಡೆಯಿರಿ. ಫೋಲಿಕ್ ಆಸಿಡ್ ಮಾತ್ರೆ ಗರ್ಭ ನಿಲ್ಲುವ ಮೊದಲೇ ಶುರು ಮಾಡಬೇಕು, ಮಗುವಿನ ಬೆನ್ನುಹುರಿಗೆ ಅದು ಬೇಕು. ಥೈರಾಯ್ಡ್, ಪ್ರೊಲ್ಯಾಕ್ಟಿನ್, ಸಕ್ಕರೆ, ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ. ಮೂರು ತಿಂಗಳಾದರೂ ಮುಟ್ಟಾಗದಿದ್ದರೆ ಮೊದಲು ಗರ್ಭದ ಪರೀಕ್ಷೆ ಮಾಡಿಕೊಂಡು ಆಮೇಲೆ ಡಾಕ್ಟರ ಹತ್ತಿರ ಬನ್ನಿ, ಸುಮ್ನೆ ಬಿಡಬೇಡಿ.

ಟ್ಯೂಬ್ (ಮೊಟ್ಟೆ ಗರ್ಭಕೋಶಕ್ಕೆ ಬರುವ ನಾಳ) ಪರೀಕ್ಷೆ ಆಗಿದೆಯಾ ಅಂತ ನೀವು ಬರೆದಿಲ್ಲ. ಮುಟ್ಟಿನ ರಕ್ತ ನಿಂತ ಮೇಲೆ, ಮುಟ್ಟಾದ ಮೊದಲ ದಿನದಿಂದ ಎಣಿಸಿ ಆರರಿಂದ ಹತ್ತನೇ ದಿನದೊಳಗೆ, ಗರ್ಭಕೋಶಕ್ಕೆ ಫಿಲ್ಮಿನಲ್ಲಿ ಎದ್ದು ಕಾಣುವ ದ್ರವ ಬಿಟ್ಟು ಎಕ್ಸ್‌ರೇ ತೆಗೆಯುವುದು ಎಚ್‌ಎಸ್‌ಜಿ. ಹೊಟ್ಟೆ ಕಿವುಚಿದಂತೆ ನೋವಾಗುತ್ತದೆ, ಒಂದು ಗಂಟೆ ಮುಂಚೆ ನೋವಿನ ಮಾತ್ರೆ ಕೇಳಿ ತೆಗೆದುಕೊಳ್ಳಿ. ಹೆದರಿ ಸ್ನಾಯು ಬಿಗಿಯಾದರೂ ಟ್ಯೂಬ್ ‘ಬ್ಲಾಕ್’ ಅಂತ ತೋರಿಸುವುದುಂಟು, ಒಂದು ಎಕ್ಸ್‌ರೇ ನೋಡಿ ಎದೆಗುಂದಬೇಡಿ. ಟ್ಯೂಬ್ ನಿಜವಾಗಿ ಮುಚ್ಚಿದ್ದರೆ ನಮ್ಮ ದೇಶದಲ್ಲಿ ಕ್ಷಯವನ್ನೂ ಅನುಮಾನಿಸಬೇಕು. ಕೆಮ್ಮಿಲ್ಲದೆ ಗರ್ಭಕೋಶಕ್ಕೆ ಮಾತ್ರ ಬರುವ ಟಿಬಿ ಇದೆ. ಅದನ್ನು ಗರ್ಭಕೋಶದ ಒಳಪದರದ ಚೂರು ತೆಗೆದು ಪತ್ತೆ ಮಾಡಬೇಕು. ರಕ್ತದಲ್ಲಿ ಟಿಬಿ ಹುಡುಕುವ ಆಂಟಿಬಾಡಿ ಪರೀಕ್ಷೆಗಳನ್ನು ಸರ್ಕಾರ 2012ರಲ್ಲೇ ನಿಷೇಧಿಸಿದೆ. ಇದ್ದರೆ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಇಲ್ಲಿಯವರೆಗೆ ಹೇಳಿದ್ದಕ್ಕೆ ಬೆಂಗಳೂರು ಬೇಕಿಲ್ಲ. ಬಳ್ಳಾರಿಯಲ್ಲಿ ಜನ ಇನ್ನೂ ವಿಮ್ಸ್ ಅಂತಲೇ ಕರೆಯುವ ಮೆಡಿಕಲ್ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಇಲ್ಲೆಲ್ಲ ಸ್ತ್ರೀರೋಗ ವಿಭಾಗಗಳಿವೆ. ಮೊದಲ ಸುತ್ತಿನ ಪರೀಕ್ಷೆ ಅಲ್ಲಿಂದಲೇ ಶುರು ಮಾಡಬಹುದು.

ನಾಲ್ಕರಿಂದ ಆರು ಸುತ್ತು ಮೊಟ್ಟೆ ಚೆನ್ನಾಗಿ ಬೆಳೆದೂ ನಿಲ್ಲಲಿಲ್ಲ, ಅಥವಾ ನಿಮ್ಮವರ ಅಂಕಿ ಸ್ವಲ್ಪ ಕಡಿಮೆ ಇದೆ ಅಂದರೆ ಮುಂದಿನ ಮೆಟ್ಟಿಲು ಐಯುಐ. ವೀರ್ಯವನ್ನು ಲ್ಯಾಬಿನಲ್ಲಿ ತೊಳೆದು ಚುರುಕಾದ ವೀರ್ಯಾಣುಗಳನ್ನು ತೆಳ್ಳಗಿನ ಕೊಳವೆಯಲ್ಲಿ ಗರ್ಭಕೋಶಕ್ಕೆ ಬಿಡುವುದು. ಹತ್ತು ನಿಮಿಷದ ಕೆಲಸ. ಒಂದು ಸಲಕ್ಕೆ ನೂರರಲ್ಲಿ ಹತ್ತು ಹದಿನೈದು ಜನಕ್ಕೆ ನಿಲ್ಲುತ್ತದೆ. ಮೂರು ನಾಲ್ಕು ಸಲ ನೋಡಬಹುದು. ಹತ್ತು ಹನ್ನೆರಡು ಸಲ ಮಾಡಿಸಿಕೊಂಡು ಬಂದವರನ್ನು ಕಂಡರೆ ಮರುಕವಾಗುತ್ತದೆ, ಅಷ್ಟರಲ್ಲಿ ವಯಸ್ಸು ಹೋಗಿರುತ್ತದೆ.

ಐವಿಎಫ್‌ಗೆ ನಾನು ವಿರೋಧಿಯಲ್ಲ. ಎರಡೂ ಟ್ಯೂಬ್ ಮುಚ್ಚಿದ್ದರೆ, ವೀರ್ಯಾಣು ತೀರಾ ಕಡಿಮೆ ಇದ್ದರೆ, ಹೆಣ್ಣಿಗೆ 37–38 ದಾಟಿದ್ದರೆ ನಾನೇ ‘ಕಾಯಬೇಡಿ, ಹೋಗಿ’ ಅನ್ನುತ್ತೇನೆ. ಹತ್ತು ಹನ್ನೆರಡು ದಿನ ಇಂಜೆಕ್ಷನ್, ಮಂಪರು ಕೊಟ್ಟು ಮೊಟ್ಟೆ ತೆಗೆಯುವುದು, ಲ್ಯಾಬಿನಲ್ಲಿ ಅದಕ್ಕೆ ವೀರ್ಯಾಣು ಸೇರಿಸಿ ಮೂರು ಅಥವಾ ಐದು ದಿನ ಭ್ರೂಣ ಬೆಳೆಸುವುದು, ಗರ್ಭಕೋಶಕ್ಕೆ ಬಿಡುವುದು, ಎರಡು ವಾರ ಕಾದು ರಕ್ತ ಪರೀಕ್ಷೆ. 35ರೊಳಗಿನವರಿಗೆ ಒಂದು ಸಲ ಭ್ರೂಣ ಬಿಟ್ಟರೆ ಮೂವರಲ್ಲಿ ಒಬ್ಬರಿಗೆ ಮಗುವಾಗುತ್ತದೆ ಅಂತ ಇಟ್ಟುಕೊಳ್ಳಿ. 40 ದಾಟಿದ ಮೇಲೆ ಸ್ವಂತ ಮೊಟ್ಟೆಯಲ್ಲಿ ಹತ್ತರಲ್ಲಿ ಒಂದರ ಆಸುಪಾಸು. ‘ಗ್ಯಾರಂಟಿ’ ಅಂತ ಬೋರ್ಡ್ ಹಾಕಿದ ಕಡೆ ಮೆಟ್ಟಿಲು ಹತ್ತಲೇಬೇಡಿ. ನಿಮ್ಮಂತೆ ನೀರಗುಳ್ಳೆ ಇರುವವರಿಗೆ ಇಂಜೆಕ್ಷನ್ ಜಾಸ್ತಿಯಾದರೆ ಒಮ್ಮೆಲೇ ತುಂಬಾ ಮೊಟ್ಟೆ ಎದ್ದು ಹೊಟ್ಟೆ ಊದಿ ನೀರು ತುಂಬುವ ಅಪಾಯವೂ ಇದೆ. ಆ ಕ್ಯಾಂಪಿನಲ್ಲಿ ಇದನ್ನು ಹೇಳಿದರಾ?

ಮುಂದೆ ಎಂದಾದರೂ ಹೋಗುವುದಾದರೆ ಮೊದಲು ಕೇಳಬೇಕಾದದ್ದು ನೋಂದಣಿ. 2021ರ ಸಹಾಯಕ ಸಂತಾನೋತ್ಪತ್ತಿ ಕಾಯ್ದೆ ಪ್ರಕಾರ ಪ್ರತಿ ಕೇಂದ್ರವೂ ನೋಂದಾಯಿತವಾಗಿರಬೇಕು. ಒಂದನೇ ಹಂತದ ಕೇಂದ್ರ ಐಯುಐ ಮಾತ್ರ ಮಾಡಬಹುದು, ಐವಿಎಫ್‌ಗೆ ಎರಡನೇ ಹಂತದ ನೋಂದಣಿ ಬೇಕು. ಚಿಕಿತ್ಸೆ ಪಡೆಯಲು ಹೆಣ್ಣಿಗೆ 50, ಗಂಡಿಗೆ 55 ವಯಸ್ಸಿನ ಮಿತಿ ಇದೆ. ಬೇರೆಯವರ ಮೊಟ್ಟೆ ಅಥವಾ ವೀರ್ಯ ಬಳಸುವುದಿದ್ದರೆ ನಿಮ್ಮಿಬ್ಬರ ಲಿಖಿತ ಒಪ್ಪಿಗೆ ಬೇಕೇ ಬೇಕು. ಯಾರಾದರೂ ಪಿಸುದನಿಯಲ್ಲಿ ‘ಗಂಡು ಮಗು ಮಾಡಿಕೊಡ್ತೀವಿ’ ಅಂದರೆ ಅದು 2003ರಿಂದಲೇ ಅಪರಾಧ. ಎರಡೂವರೆ ಲಕ್ಷದಲ್ಲಿ ಇಂಜೆಕ್ಷನ್ ಸೇರಿದೆಯಾ, ಉಳಿದ ಭ್ರೂಣ ಫ್ರೀಜ್ ಮಾಡುವುದಕ್ಕೆ ಎಷ್ಟು, ಎರಡನೇ ಸಲ ಬಿಡುವುದಕ್ಕೆ ಎಷ್ಟು ಅಂತ ಹಾಳೆಯ ಮೇಲೆ ಬರೆಸಿಕೊಳ್ಳಿ. ಬೆಂಗಳೂರಿಗೋ ಹೈದರಾಬಾದಿಗೋ ಹೋದರೂ ನಡುವಿನ ಸ್ಕ್ಯಾನಿಂಗ್‌ಗಳನ್ನು ಬಳ್ಳಾರಿಯಲ್ಲೇ ಮಾಡಿಸಿ ಕಳಿಸಲು ಒಪ್ಪುತ್ತಾರಾ ಕೇಳಿ. ಪ್ರತಿ ಎರಡು ದಿನಕ್ಕೊಮ್ಮೆ ಹಂಪಿ ಎಕ್ಸ್‌ಪ್ರೆಸ್ ಹತ್ತುವುದು ತಪ್ಪುತ್ತದೆ. ಭ್ರೂಣ ಬಿಟ್ಟ ಮೇಲೆ ತಿಂಗಳುಗಟ್ಟಲೆ ಮಲಗಬೇಕಾಗಿಯೂ ಇಲ್ಲ.

ಹುಲಿಗೆಮ್ಮನಿಗೆ ಹರಕೆ ಹೊರುವುದಕ್ಕೆ ನನ್ನ ಅಡ್ಡಿಯಿಲ್ಲ, ನನ್ನ ಕೆಲವು ರೋಗಿಗಳು ನನ್ನ ಹೆಸರಲ್ಲೂ ಕಾಯಿ ಒಡೆಸಿದ್ದಾರೆ. ಏನು ಬೆರೆಸಿದ್ದಾರೆ ಅಂತ ಗೊತ್ತಿಲ್ಲದ ಪುಡಿ, ಭಸ್ಮ ಮಾತ್ರ ಹೊಟ್ಟೆಗೆ ಬೇಡ.

ಕೊನೆಗೆ ಕುಬಸ. ಹೋಗಲೇಬೇಕಾ ಅಂತ ಕೇಳಿದ್ದೀರಿ. ಅಲ್ಲಿ ಏನು ನಡೆಯುತ್ತದೆ ಅಂತ ನನಗೂ ಗೊತ್ತು. ಆರತಿ ತಟ್ಟೆಗೆ ನೀವು ಕೈ ಚಾಚಿದಾಗ ಯಾರೋ ದೊಡ್ಡವರು ‘ನೀ ಇರು ಬೇ, ಅಕಿ ಹಿಡಿತಾಳ’ ಅನ್ನುತ್ತಾರೆ. ಉಡಿ ತುಂಬುವವರ ಸಾಲಿನಲ್ಲಿ ನಿಮ್ಮ ಹೆಸರು ಕರೆಯುವುದಿಲ್ಲ. ಅದನ್ನೆಲ್ಲ ಸಹಿಸಿಕೊಂಡು ನಗುತ್ತಾ ಕೂತರೆ ಗರ್ಭ ಬೇಗ ನಿಲ್ಲುವುದೇನಿಲ್ಲ. ಅಷ್ಟರೊಳಗೆ ನಿಮ್ಮವರ ರಿಪೋರ್ಟು ಬಂದು, ನಿಮಗೆ ಮುಟ್ಟಾಗಿ, ಮಾತ್ರೆ ಶುರುವಾದರೆ ಹತ್ತನೇ ದಿನದ ಸ್ಕ್ಯಾನಿಂಗ್ ಅದೇ ದಿನ ಬಿದ್ದರೂ ಬೀಳಬಹುದು. ಬಿದ್ದರೆ ಬಳ್ಳಾರಿ ಬಸ್ ಹತ್ತಿ. ಬೀಳದಿದ್ದರೆ ಒಂದು ಡಜನ್ ಹಸಿರು ಬಳೆ ಕೊಟ್ಟು ಕಳಿಸಿ, ಜನ ಎಲ್ಲ ಹೋದ ಮೇಲೆ ಒಂದು ದಿನ ನೆಗೆಣ್ಣಿ ಒಬ್ಬಳೇ ಇದ್ದಾಗ ಹೋಗಿ ಕೂತು ಮಾತಾಡಿ ಬನ್ನಿ.